ಕೇಳದೇ ಹೋದ ಸಾಲು

"ಅನುಜಾ ಬರಂಗಿಲ್ರಿ ಅಕ್ಕೋರ," ಅಂದಳು ರತ್ನಮಾಲಾ.

ಖಾನಾಪುರದ ಸಮುದಾಯ ಭವನದಲ್ಲಿ, ವೇದಿಕೆಯ ಪರದೆಯ ಹಿಂದೆ ಕೂತು ತಂಬೂರಿ ಶ್ರುತಿ ಮಾಡುತ್ತಿದ್ದ ಮಾಯಕ್ಕನ ಕೈ ನಿಂತಿತು. ಮೈಕಿನಲ್ಲಿ ಆಗಲೇ ಸಾರಿಯಾಗಿತ್ತು: ಊರಿನ ಮಕ್ಕಳಿಗೆ ಸಂಗೀತ ಕಲಿಸಿದ ಮಾಯಕ್ಕನವರಿಗೆ ಸನ್ಮಾನ, ಅದಕ್ಕೂ ಮೊದಲು ಶಿಷ್ಯೆ ಅನುಜಾ ಅವರಿಂದ ಗಾಯನ.

"ಯಾಕ್ರಿ ವೈನಿ, ಮಗಳಿಗೆ ಆರಾಮಿಲ್ಲೇನು?"

"ಆರಾಮ ಅದಾಳ್ರಿ." ರತ್ನಮಾಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬೆಳಗಾವಿ ನೆಹರು ನಗರದಾಗ ತನ್ನ ಅತ್ತಿ ಮನ್ಯಾಗ, ಯಾರ ಕಡೆ ಹಾಡು ಕಲತೆ ಅಂತ ಆಕಿ ಹೇಳೇ ಇಲ್ರಿ. ಲಗ್ನದ ಹೊತ್ತಿನ್ಯಾಗ ನಾನ ಹೇಳಬ್ಯಾಡ ಅಂದಿದ್ದೆ."

ಮಾಯಕ್ಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ವಯಸ್ಸಿದ್ದಾಗ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದವಳು ಆಕೆ. ಕಂಪನಿ ಮುಚ್ಚಿದ ಮೇಲೆ ಬೆಳಗಾವಿಯ ಕೋಟೆಯ ಹತ್ತಿರ ಒಂದು ಬಾಡಿಗೆ ಖೋಲಿ ಹಿಡಿದಳು. ಅಲ್ಲಿಂದ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಬಂದು ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಟ್ಟಳು. ದೊಡ್ಡ ಮನೆಗಳವರು ಬೀದಿ ಕಡೆಯ ಕಿಟಕಿ ಮುಚ್ಚಿ ಕಲಿಸಿಕೊಂಡರು. ಲಗ್ನವಾಗಿ ಹೋದ ಹುಡುಗಿಯರು ಸಂತೆಯಲ್ಲಿ ಎದುರಾದರೆ ಸಣ್ಣಗೆ ನಕ್ಕು, ಬೇಗಬೇಗ ಮುಂದೆ ನಡೆಯುತ್ತಿದ್ದರು. ಅದೆಲ್ಲ ಆಕೆಗೆ ರೂಢಿಯಾಗಿತ್ತು. ಆದರೆ ಇವತ್ತು, ಇದೊಂದು ದಿನ, ನಾಲ್ಕು ಜನರ ಎದುರಿಗೆ ಯಾರಾದರೂ 'ನಾನು ಇವರ ಶಿಷ್ಯೆ' ಅನ್ನುವುದನ್ನು ಕೇಳುವ ಆಸೆ ಇತ್ತು. ಇದ್ದುದರಲ್ಲಿ ಚಲೋ ಇಳಕಲ್ ಸೀರೆ ಉಟ್ಟು ಬಂದಿದ್ದಳು.

"ಇರಲಿ ಬಿಡ್ರಿ," ಅಂದಳು. "ಹುಡುಗಿ ಸಂಸಾರ ಚಂದಿದ್ರ ಸಾಕು."

ರತ್ನಮಾಲಾ ಇಳಿದು ಹೋಗಿ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಳು. ಪರದೆ ಸರಿಯಿತು. ಸಮಿತಿಯ ಶಿವಲಿಂಗ ಹಾರ್ಮೋನಿಯಂ ಪೇಟಿಯ ಮುಂದಿನಿಂದ ಎದ್ದು ಮೈಕು ಹಿಡಿದ. ಮಚ್ಛೆ ಊರಿನ ಕಾರ್ಖಾನೆಯಲ್ಲಿ ದುಡಿದು, ಸಂಜೆ ಭಜನಾ ಮಂಡಳಿಯಲ್ಲಿ ಪೇಟಿ ಬಾರಿಸುವ ಅವನೇ ಈ ಸನ್ಮಾನಕ್ಕೆ ಓಡಾಡಿದವನು. "ಅನಿವಾರ್ಯ ಕಾರಣದಿಂದ ಗಾಯನ ಇರುವುದಿಲ್ಲ" ಎಂದು ತಡವರಿಸಿ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಯಕ್ಕ ತಲೆ ತಗ್ಗಿಸಿದಳು. ಮನೆಗೆ ಹೋಗಿಬಿಡೋಣ ಅನ್ನಿಸಿತು.

"ಶಿವಲಿಂಗಪ್ಪಾ, ಪೇಟಿ ಹಿಡಿ."

ಹೆಣ್ಣುಮಕ್ಕಳ ಸಾಲಿನಿಂದ ಎದ್ದ ರತ್ನಮಾಲಾ ಚಪ್ಪಲಿ ಬಿಟ್ಟು ವೇದಿಕೆ ಹತ್ತುತ್ತಿದ್ದಳು. ಶಿವಲಿಂಗ ಗಾಬರಿಯಾದ. "ನೀವ್ ಹಾಡ್ತೀರೇನ್ರಿ?"

"ಹೂಂ. ನಾನೂ ಇವರ ಕಡೇನ ಕಲತಾಕಿ." ಮೈಕು ಬಾಯಿಗೆ ಹತ್ತಿರವೇ ಇತ್ತು. ಮಾತು ಭವನದ ಮೂಲೆಮೂಲೆಗೂ ಕೇಳಿಸಿತು.

ಮಾಯಕ್ಕ ದಂಗಾದಳು. ಆ ಮನೆಯಲ್ಲಿ ಪಾಠ ನಡೆಯುತ್ತಿದ್ದುದು ಪಡಸಾಲೆಯಲ್ಲಿ. ಈಕೆ ಒಂದು ದಿನವೂ ಬಂದು ಕೂತವಳಲ್ಲ. ಚಹದ ಕಪ್ಪು ಇಟ್ಟು, "ತೊಗೋರಿ" ಅಂದು ಒಳಗೆ ಹೋಗಿಬಿಡುತ್ತಿದ್ದಳು.

ರತ್ನಮಾಲಾ ಕಣ್ಣು ಮುಚ್ಚಿ ಹಾಡಿದಳು. ಮಾಯಕ್ಕ ತಾನೇ ಕಟ್ಟಿ, ಯಮನ್ ರಾಗದಲ್ಲಿ ಕೂಡಿಸಿ ಅನುಜಾಳಿಗೆ ಕಲಿಸಿದ್ದ ಹಾಡು ಅದು. ದನಿ ಪಳಗಿದ್ದಲ್ಲ, ಮೊದಮೊದಲು ನಡುಗಿತು ಕೂಡ. ಆದರೆ ಸ್ವರ ಜಾಗಕ್ಕೆ ಹೋಗಿ ಕೂಡುತ್ತಿತ್ತು. ಪಲ್ಲವಿಯ ತಿರುವಿನಲ್ಲಿ ಅನುಜಾ ಯಾವಾಗಲೂ ಜಾರುತ್ತಿದ್ದಳು. ಎಷ್ಟು ಬೈದರೂ ತಿದ್ದಿಕೊಂಡಿರಲಿಲ್ಲ. ಆ ಬೈಗುಳವನ್ನು ಗೋಡೆಯಾಚೆ ನಿಂತು ಮತ್ತೊಬ್ಬಳು ತನಗೆಂದೇ ಕೇಳಿಸಿಕೊಂಡಿದ್ದಳು. ಈಗ ಆ ತಿರುವನ್ನು ಎಷ್ಟು ಹದವಾಗಿ ತಿರುಗಿಸಿದಳೆಂದರೆ ಮಾಯಕ್ಕನ ಬಾಯಿಂದ ತಾನಾಗಿಯೇ "ಆಹಾ" ಬಂತು.

ಎರಡನೆಯ ನುಡಿಯಲ್ಲಿ ಒಂದು ಸಾಲಿಗೆ ಬಂದಾಗ ಮಾತ್ರ ಮಾತು ಮಾಯವಾಯಿತು. ರತ್ನಮಾಲಾ ಆ ಸಾಲನ್ನು ಬರೀ ಹೂಂಗುಟ್ಟಿ ದಾಟಿಸಿ ಮುಂದಿನದಕ್ಕೆ ಹೋದಳು. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಮಾಯಕ್ಕ ಆಕೆಯನ್ನು ಹತ್ತಿರ ಕರೆದಳು.

"ನಡುವ ಒಂದು ಸಾಲು ನುಂಗಿದ್ರೆಲ್ಲಾ ವೈನಿ, ಮರತ್ರೇನು?"

"ಮರಿಯಾಕ ಗೊತ್ತಿದ್ರ ಅಲ್ರಿ." ರತ್ನಮಾಲಾ ನಾಚಿದಳು. "ಹೊತ್ತು ಮುಳುಗೂದ್ರಾಗ ಊಟ ಆಗಬೇಕಲ್ರಿ ನಮ್ಮ ಜೈನರ ಮನ್ಯಾಗ. ನೀವು ಆ ಸಾಲಿಗೆ ಬರೂದಕ್ಕೂ ಕುಕ್ಕರ್ ಸೀಟಿ ಹೊಡೆಯೂದಕ್ಕೂ ಸರೀ ಆಗ್ತಿತ್ತು. ಒಂದ್ಸಲಾನೂ ಕೇಳಿಸಲಿಲ್ಲ."

"ಅನುಜಾನ್ನ ಕೇಳಿದ್ರ ಹೇಳ್ತಿದ್ದಳಲ್ಲ?"

"ನಾ ಕಲ್ಯಾಕತ್ತೇನಿ ಅಂತ ಗೊತ್ತಾಗ್ತಿತ್ತಲ್ರಿ ಆಕಿಗೆ."

ಮಾಯಕ್ಕನಿಗೆ ನಗೆ ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿ, ಎದುರಿನ ಜನರೆಲ್ಲ ಮಸುಕಾದರು. ಒರೆಸಿಕೊಳ್ಳುವ ಗೊಡವೆಗೆ ಹೋಗದೆ ತಂಬೂರಿಯನ್ನು ಭುಜಕ್ಕೆ ಎಳೆದುಕೊಂಡಳು.

"ಇಲ್ಲೆ ಕುಂದರು," ಅಂದಳು.

ರತ್ನಮಾಲಾ ಮಂಡಿ ಮಡಚಿ ಕೂತಳು. ಮಾಯಕ್ಕ ಸವೆದ ದನಿಯಲ್ಲಿ ಮೆಲ್ಲಗೆ ಹೇಳಿಕೊಟ್ಟಳು: "ದನ ಬಂದವು ಹಟ್ಟಿಗಿ, ದೀಪ ಹಚ್ಚ ನನ ತಾಯಿ…"

ರತ್ನಮಾಲಾ ಹಾಡಿದಳು. ಮಾಯಕ್ಕನ ಹುಬ್ಬು ಗಂಟಿಕ್ಕಿತು.

"ಹಂಗಲ್ಲ. ನಡುವ ಉಸಿರು ಬಿಡಬ್ಯಾಡ. ಮತ್ತೊಮ್ಮೆ ಅನ್ನು."

ಸನ್ಮಾನಕ್ಕೆಂದು ಎದ್ದು ಬಂದ ಅಧ್ಯಕ್ಷರು, ಬಿಚ್ಚಿದ ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಸಾಲು ಕೂಡುವವರೆಗೆ ನಿಂತೇ ಇದ್ದರು.