ಬಾಡಿಗೆ ರೋಗಿ

ಮೆಡಿಕಲ್ ಕಾಲೇಜಿನ ಮಾನ್ಯತೆ ನವೀಕರಿಸಲು ತಪಾಸಣಾ ತಂಡ ಬರುವ ದಿನ. ವರ್ಷವಿಡೀ ಖಾಲಿ ಬಿದ್ದಿದ್ದ ವಾರ್ಡಿಗೆ ಬೆಳಿಗ್ಗೆಯೇ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ರೋಗಿಗಳು ಬಂದಿಳಿದರು. ಒಬ್ಬರಿಗೂ ನೆಗಡಿ ಕೂಡ ಇರಲಿಲ್ಲ. ಸಂಜೆಯವರೆಗೆ ಮಲಗಿದ್ದರೆ ಕೂಲಿ, ಮಧ್ಯಾಹ್ನ ಬಿರಿಯಾನಿ. ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು. ಡೀನ್ ಸಾಹೇಬರ ತಲೆಗೂದಲಿನದು ಮಾತ್ರ ಒಣಗಿತ್ತು.

ತಂಡ ಬಾಗಿಲಿಗೆ ಬರುವ ಹೊತ್ತಿಗೆ, ಕಿಟಕಿ ಪಕ್ಕದ ಮಂಚದಲ್ಲಿದ್ದ ಸಣ್ಣೀರಮ್ಮ ಎದೆ ಹಿಡಿದುಕೊಂಡಳು.

"ಸ್ವಾಮಿ, ನಂಗೆ ನಿಜವಾಗ್ಲೂ ಎದೆ ನೋಯ್ತೈತೆ. ಯಾರಾದ್ರೂ ಡಾಕ್ಟ್ರನ್ನ ಕರೀರಿ."

"ಶ್! ಬಂದ್ರು ಅವರು. ಹೀಗೇ ನರಳ್ತಾ ಇರು, ಚೆನ್ನಾಗಿದೆ," ಎಂದು ಡೀನ್ ಅವಳ ಹೊದಿಕೆ ಸರಿಪಡಿಸಿದರು.

ತಂಡದ ಅಧ್ಯಕ್ಷರು ಹೆಸರಾಂತ ಹೃದ್ರೋಗ ತಜ್ಞರು, ಇನ್ನೊಂದು ಮೆಡಿಕಲ್ ಕಾಲೇಜಿನ ಡೀನ್. ಅವರು ಮಂಚದ ಬಳಿ ನಿಂತದ್ದೇ ತಡ, ಸಣ್ಣೀರಮ್ಮ ಅವರ ಕೈ ಹಿಡಿದುಕೊಂಡಳು. ಮೈಯೆಲ್ಲ ಬೆವರು. ಬಾಯಿ ತೆರೆದರೂ ಮಾತು ಹೊರಡಲಿಲ್ಲ.

ಅಧ್ಯಕ್ಷರು ಮೆಲ್ಲಗೆ ಕೈ ಬಿಡಿಸಿಕೊಂಡು ಡೀನ್ ಕಿವಿಯ ಹತ್ತಿರ ಬಾಗಿದರು.

"ಎಲ್ಲಿ ಹಿಡಿದ್ರಿ ಇವಳನ್ನ? ಸೋಮವಾರ ನಮ್ಮಲ್ಲೂ ಇನ್‌ಸ್ಪೆಕ್ಷನ್ ಇದೆ, ಸ್ವಲ್ಪ ಕಳಿಸಿಕೊಡಿ."