ಅಪ್ಪನ ಸುಟ್ಟ ಕೈ

ಆಗ ನನಗೆ ಏಳು ವರ್ಷ. ಅದಾಗಿ ಅರವತ್ತು ವರ್ಷವಾಯಿತು. ಸುಟ್ಟಗಾಯದ ಮುಲಾಮಿನ ವಾಸನೆ ಬಂದರೆ ಈಗಲೂ ಬರ್ಮಿಂಗ್‌ಹ್ಯಾಮಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಎರಕದ ಕಾರ್ಖಾನೆಯಲ್ಲಿ ಅಪ್ಪನ ಬಲಗೈ ಸುಟ್ಟಿತ್ತು. ಸರ್ಕಾರ ಕೊಡುವ ಹಣದಲ್ಲಿ ಉಣ್ಣುತ್ತಿದ್ದೆವು. ಅಮೇರಿಕಾದಿಂದ ಬಂದಿದ್ದ ದೊಡ್ಡಪ್ಪ ರೊಟ್ಟಿ ಮುರಿಯುತ್ತ, “ನಮ್ಮಲ್ಲಿ ದುಡಿದವಗಷ್ಟ ಊಟ, ತಮ್ಮಾ. ನೀವಿಲ್ಲಿ ಸರ್ಕಾರ ಸಾಕಿದ ದನ ಆಗೀರಿ,” ಎಂದು ನಕ್ಕ.

“ಅವರ ಕೈ ನೋಡ್ರಿ, ಭಾವಾ!” ಎಂದಳು ಅವ್ವ.

“ಅಣ್ಣ ಖರೇನ ಹೇಳ್ತಾನ, ಸುಮ್ನಿರು,” ಎಂದ ಅಪ್ಪ. ಅಣ್ಣನಿಗೆ ಎಂದೂ ಎದುರಾಡಿದವನಲ್ಲ. ಎಡಗೈಯಿಂದ ಗಾಯದ ಪಟ್ಟಿ ಬಿಚ್ಚಿದ. ಚರ್ಮ ಅದಕ್ಕೇ ಅಂಟಿ ಬಂತು. “ನಾಳೆ ಕೆಲಸಕ್ಕ ಹೋಗ್ತೀನಿ.”

ದೊಡ್ಡಪ್ಪ ಇನ್ನೊಂದು ರೊಟ್ಟಿ ಕೇಳಿದ.

ಮರುದಿನ ಬೆಳಿಗ್ಗೆ ಶಾಲೆಯಲ್ಲಿ, ಸರ್ಕಾರ ಎಲ್ಲ ಮಕ್ಕಳಿಗೂ ಕೊಡುತ್ತಿದ್ದ ಹಾಲಿನ ಬಾಟಲಿಯನ್ನು ಟೀಚರ್ ಮುಂದಿಟ್ಟಾಗ, ನಾನು ಬೇಡ ಎಂದು ಹಿಂದಕ್ಕೆ ತಳ್ಳಿದೆ.