ಪ್ಲಾಸ್ಟಿಕ್ ತೆಗೆಯದ ಸೀಟು

"ನಾಲ್ಕು ವರ್ಷದ ಗಾಡಿ, ಆದ್ರೆ ಹೊಸದು ಅಂತಲೇ ತಿಳ್ಕೊಳ್ಳಿ," ಎನ್ನುತ್ತಾ ಗಂಡ ಪಿಕಪ್ಪಿನ ಹೊದಿಕೆ ಸರಿಸಿದ. ಹಳೆ ಗಾಡಿಗಳ ವ್ಯಾಪಾರಿ ಅದಕ್ಕೆ ಒಂದು ಸುತ್ತು ಹಾಕಿದ. ಗಂಡನೂ ಅವನ ಬೆನ್ನಿಗೇ ಸುತ್ತಿದ. "ಒಂದು ಗೀರು ತೋರಿಸಿ ನೋಡೋಣ! ಹಿಂದುಗಡೆ ಒಂದು ಚೀಲ ಕೂಡ ಹಾಕಿಲ್ಲ."

ಹಾಕಿರಲಿಲ್ಲ, ಅದು ನಿಜ. ಮನೆ ಪಕ್ಕದಲ್ಲೇ ಗಿಡಗಳ ನರ್ಸರಿ ನಡೆಸುವ ಹೆಂಡತಿ ಕುಂಡ ಸಾಗಿಸಲಿಕ್ಕೆಂದು ಕೂಡಿಟ್ಟ ಹಣದಲ್ಲಿ ಬಂದ ಗಾಡಿ ಅದು. ಆದರೆ ಗಂಡನಿಗೆ ಗಿಡ ಬರೀ ನೆಪ. ಷಡ್ಡಕ ಕಾರು ಕೊಂಡಿದ್ದ. ಅದಕ್ಕಿಂತ ಒಂದು ಮೊಳ ಎತ್ತರದ್ದು ತನ್ನ ಮನೆ ಮುಂದೆ ನಿಂತ ಮೇಲೆಯೇ ಈ ಮಹಾಶಯನಿಗೆ ನಿದ್ದೆ ಹತ್ತಿದ್ದು. "ಕುಂಡ ಹತ್ತಿಸಿದ್ರೆ ಮಾರೋವಾಗ ಬೆಲೆ ಬರಲ್ಲ ಕಣೇ," ಎಂದು ಕೀಲಿಯನ್ನು ಜೇಬಿಗೆ ಇಳಿಸಿದ. ಅವಳು ಬಾಡಿಗೆ ಟೆಂಪೊದಲ್ಲಿ ಗಿಡ ಸಾಗಿಸಿದಳು. ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡದ್ದೂ ಆ ಟೆಂಪೊದ ದಯೆಯಿಂದಲೇ. ಈಗ ಷಡ್ಡಕ ಇನ್ನೂ ದೊಡ್ಡ ಕಾರು ತಂದಿದ್ದಾನೆ. ಹಾಗಾಗಿ ಇದನ್ನು ಮಾರುವುದು, ಹೊಸದಕ್ಕೆ ಕಡಿಮೆ ಬಿದ್ದರೆ ನರ್ಸರಿಯ ಜಾಗ ಅಡವಿಡುವುದು ಎಂದು ಅವಳನ್ನು ಒಂದು ಮಾತೂ ಕೇಳದೆ ತೀರ್ಮಾನವಾಗಿತ್ತು.

ವ್ಯಾಪಾರಿ ಬಾಗಿಲು ತೆರೆದ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಷೋರೂಮಿನಲ್ಲಿ ಹೊದಿಸಿದ್ದ ಪ್ಲಾಸ್ಟಿಕ್ ಸೀಟಿನ ಮೇಲೆ ಹಾಗೇ ಇತ್ತು. ತುದಿ ಎತ್ತಿ ನೋಡಿದರೆ ಕೆಳಗೆ ಬಟ್ಟೆಯೆಲ್ಲ ಬೂಷ್ಟು. ಬ್ಯಾಟರಿ ಸತ್ತಿತ್ತು. ವ್ಯಾಪಾರಿ ತನ್ನ ಗಾಡಿಯ ಬ್ಯಾಟರಿಯಿಂದ ವೈರು ಎಳೆದು ಕೊಟ್ಟ ಮೇಲೆ ಇಂಜಿನ್ ಕೆಮ್ಮಿ ಕೆಮ್ಮಿ ಶುರುವಾಯಿತು.

"ಕೊಂಡ ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು ಕೊಡಬಹುದು," ಎಂದ.

"ಏನ್ರೀ ಇದು! ಗಾಡಿ ಓಡಿಸೇ ಇಲ್ಲ!"

"ಅದಕ್ಕೇ ಸ್ವಾಮಿ. ಷೋರೂಮ್ ಗೇಟು ದಾಟಿದ ದಿನಾನೇ ಬೆಲೆ ಇಳೀತು. ಆಮೇಲೆ ನೀವು ಓಡಿಸಿ, ಬಿಡಿ, ವಯಸ್ಸಂತೂ ಆಗುತ್ತೆ. ನಿನ್ನೆ ಇದೇ ವರ್ಷದ್ದು ಒಂದು ತಗೊಂಡೆ. ಇಟ್ಟಿಗೆ ಹೊತ್ತು ಮೈಯೆಲ್ಲ ತಗ್ಗು, ಆದ್ರೂ ಇಂಜಿನ್ ಚೆನ್ನಾಗಿತ್ತು. ಅರ್ಧ ಬೆಲೆ ಕೊಟ್ಟೆ. ಅಷ್ಟು ಹೊತ್ತಿಗೆ ಅದರ ದುಡಿಮೆಯಲ್ಲೇ ಮಾರಿದವನು ಮನೆ ಕಟ್ಟಿಸಿದ್ದ."

ಹೆತ್ತವರಿಗೆ ಹೆಗ್ಗಣ ಮುದ್ದು. ಗಂಡ ಬಾನೆಟ್ ಸವರುತ್ತಾ, "ನಿಮಗೆ ಗಾಡಿಯ ಬೆಲೆಯೇ ಗೊತ್ತಿಲ್ಲ," ಎಂದು ರೇಗಿದ. ಗೇಟಿನ ಬಳಿ ನಿಂತು ಎಲ್ಲ ಕೇಳುತ್ತಿದ್ದ ಹೆಂಡತಿಗೆ ಮೈ ಉರಿದುಹೋಯಿತು. ನಾಲ್ಕು ವರ್ಷ ತಾನು ಟೆಂಪೊ ಬಾಡಿಗೆ ತೆತ್ತದ್ದು ಈ ಬೂಷ್ಟನ್ನು ಸಾಕಲಿಕ್ಕೆ!

"ಇಂಜಿನ್ ಆರಿಸಬೇಡಿ ಅಣ್ಣ," ಎಂದಳು ವ್ಯಾಪಾರಿಗೆ. "ಗಾಡಿ ಮಾರಲ್ಲ."

ಟೆಂಪೊಗಾಗಿ ಕಾಯುತ್ತಿದ್ದ ಸಿಮೆಂಟ್ ಕುಂಡಗಳು ಗೇಟಿನ ಬಳಿ ಸಾಲಾಗಿದ್ದವು. ಅವಳು ಅವನ್ನು ಎತ್ತಲು ಹೋದಾಗ ವ್ಯಾಪಾರಿಯೂ ಕೈಜೋಡಿಸಿದ. ಮೊದಲ ಕುಂಡವನ್ನು ಪಿಕಪ್ಪಿನ ಹಿಂಬದಿಗೆ ಎತ್ತಿಟ್ಟು ಒಳಕ್ಕೆ ತಳ್ಳಿದಾಗ ಕರ್ರೆಂದು ಅಂಚಿನ ಬಣ್ಣ ಕಿತ್ತು ಬಂತು.

"ಅಯ್ಯೋ, ಬೆಲೆ ಹೋಯ್ತಲ್ಲೇ!"

"ಯಾರ್ದು, ಗಾಡೀದಾ, ನಿಮ್ದಾ?" ಎಂದು ಅವಳು ಉಳಿದವನ್ನೂ ಏರಿಸಿ ಸ್ಟಿಯರಿಂಗ್ ಮುಂದೆ ಕೂತಳು.

ಗಾಡಿ ಹೊರಟಿತು. ಗಂಡ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ಆ ಗೀರನ್ನು ಉಜ್ಜುತ್ತಾ ಉಜ್ಜುತ್ತಾ, ರಸ್ತೆಯ ತಿರುವಿನವರೆಗೂ ಅದರ ಹಿಂದೆ ಓಡಿದ.